ದಫ್ತರದೊಳಗಿನ ಕಾನು



1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದಾಗ, ಟಿಪ್ಪು ಸುಲ್ತಾನನು ಅಲ್ಲಿನ ಸ್ವಾಮಿಗಳಿಗೆ ಬರೆಸಿದ್ದ ಕನ್ನಡ ಪತ್ರಗಳು ಬೆಳಕಿಗೆ ಬಂದವು. ಒಂದು ಶತಮಾನಕ್ಕೂ ಮೀರಿ ಅವು ಮಠದ ದಫ್ತರದಲ್ಲಿಯೇ ಇದ್ದವು, ಬಿಚ್ಚಿ ಓದುವವರಿರಲಿಲ್ಲ. ಮಲೆನಾಡಿನ ಕಾಡಿನ ಚರಿತ್ರೆಯೂ ಹಾಗೆಯೇ, ಬೇರೆ ಯಾವುದೋ ಉದ್ದೇಶಕ್ಕೆ ಬರೆದಿಟ್ಟ ಕಾಗದಗಳಲ್ಲಿ ಅಡಗಿ ಕುಳಿತಿದೆ.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಬೆಳೆ, ವ್ಯಾಪಾರಗಳ ವಿವರ ತರಲು ಕಳುಹಿಸಿತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ, ಭತ್ತ, ಅಡಿಕೆ, ಮೆಣಸುಗಳ ಲೆಕ್ಕದ ನಡುವೆ, ಉತ್ತರ ಕೆನರಾದ ಬಗ್ಗೆ ಒಂದು ಮಾತು ಬರುತ್ತದೆ. ಅಲ್ಲಿ ಕಾಡು ಆಯಾ ಊರಿನ ದೇವರ ಸ್ವತ್ತು. ವಂಶಪಾರಂಪರ್ಯವಾಗಿ ಬಂದ ಗೌಡನೇ ದೇವರ ಪೂಜಾರಿ. ಅವನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಅಪ್ಪಣೆಗೆ ದೇವರು ಕಾಸು ಕೇಳುವುದಿಲ್ಲ, ಕೇಳದೆ ಕಡಿದರೆ ಮಾತ್ರ ಸುಮ್ಮನಿರುವುದಿಲ್ಲ. ಇದೆಲ್ಲ ಸರ್ಕಾರದ ಹಕ್ಕನ್ನು ತಪ್ಪಿಸಲು ಹೂಡಿದ ಉಪಾಯವೆಂದು ಬುಕಾನನ್ ಶಂಕಿಸಿದನು. ಶಂಕೆಯಿಂದ ಬರೆದ ಆ ಸಾಲುಗಳೇ ಇಂದು ಊರಿನ ಪರವಾದ ಸಾಕ್ಷಿಗಳಾಗಿವೆ.

ಎರಡನೆಯದು ಸೊರಬ ತಾಲ್ಲೂಕಿನ ಕಾನುಗಳ ಕುರಿತ 1868ರ ವರದಿ. ಬರೆದವರು ಭಾರತದ ಮೊದಲ ಅರಣ್ಯ ಇನ್‌ಸ್ಪೆಕ್ಟರ್ ಜನರಲ್ ಬ್ರಾಂಡಿಸ್ ಮತ್ತು ಗ್ರಾಂಟ್. ಆ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳು, ಸುಮಾರು 13,000 ಹೆಕ್ಟೇರ್! ಮೂರನೆಯದು 1888ರಲ್ಲಿ ಕುಮಟಾ ತಾಲ್ಲೂಕಿನ ಹದಿನಾರು ಹಳ್ಳಿಗಳಿಗಾಗಿ ವಿಂಗೇಟ್ ಎಂಬ ಅಧಿಕಾರಿ ಬರೆದ ಅರಣ್ಯ ಸೆಟ್ಲ್‌ಮೆಂಟ್ ಪ್ರಸ್ತಾವ. ಕಾನಿದ್ದಲ್ಲಿ ಒರತೆ ಬತ್ತುವುದಿಲ್ಲ, ಹೊಳೆ ವರ್ಷವಿಡೀ ಹರಿಯುತ್ತದೆ, ಕೆಳಗಿನ ತೋಟಕ್ಕೆ ನೆರಳೂ ತಂಪೂ ಅದರಿಂದಲೇ ಎಂಬುದನ್ನು ಆತ ಗುರುತಿಸಿದ್ದನು. ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ; ಆದರೆ ಕಚೇರಿಗಳು ಹಿರಿಯರ ಮಾತಿಗಿಂತ ಕಾಗದವನ್ನು ನಂಬುತ್ತವೆ.

ಈ ಬರಹಗಳನ್ನು ಮತ್ತೆ ಬಳಕೆಗೆ ತಂದವರು ವೃತ್ತಿಯಿಂದ ಇತಿಹಾಸಕಾರರಲ್ಲ. ಪರಿಸರ ವಿಜ್ಞಾನಿಗಳಾದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಮಾಧವ ಗಾಡ್ಗೀಳರು 1990ರ ದಶಕದಲ್ಲಿ ಉತ್ತರ ಕನ್ನಡದ ಕಾನುಗಳ ಮೂಲವನ್ನು ಅರಸುತ್ತ ಇವುಗಳ ಬಳಿಗೆ ಬಂದರು. ಕಾನುಗಳಲ್ಲಿ ಉಳಿದಿರುವುದಾದರೂ ಸಾಮಾನ್ಯವಾದುದಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಕಂಡ ಗೇರು ಜಾತಿಯ ಒಂದು ಮರವು 2000ದಲ್ಲಿ ಹೊಸ ಪ್ರಭೇದವೆಂದು ಪ್ರಕಟವಾಯಿತು. ಅದರ ಶಾಸ್ತ್ರೀಯ ಹೆಸರಿನಲ್ಲಿಯೇ ಆ ಕಾನಿನ ಹೆಸರಿದೆ.

2006ರ ಅರಣ್ಯ ಹಕ್ಕು ಕಾಯ್ದೆಯು ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳಿಂದ, 13 ಡಿಸೆಂಬರ್ 2005ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷಗಳ ವಾಸಕ್ಕೆ ಆಧಾರ ಕೇಳುತ್ತದೆ. ಅದು 1930ಕ್ಕೆ ಹೋಗಿ ನಿಲ್ಲುತ್ತದೆ. ಆಗ ಸೊರಬ ಮೈಸೂರು ಸಂಸ್ಥಾನದಲ್ಲಿತ್ತು, ಶಿರಸಿ ಮುಂಬಯಿ ಪ್ರಾಂತದಲ್ಲಿತ್ತು. 1862ಕ್ಕೆ ಮುಂಚೆ ಉತ್ತರ ಕನ್ನಡ ಮದರಾಸಿಗೆ ಸೇರಿತ್ತು. ಆದುದರಿಂದ ಪಕ್ಕಪಕ್ಕದ ಎರಡು ಊರುಗಳ ಕಾಗದಗಳನ್ನು ಬೆಂಗಳೂರು, ಮುಂಬಯಿ, ಚೆನ್ನೈಗಳ ಪತ್ರಾಗಾರಗಳಲ್ಲಿ ಅರಸಬೇಕಾಗುತ್ತದೆ. ಕಾನಿನ ವರದಿಯೊಂದರಿಂದ ಯಾವ ಮನೆಯವರ ಸಾಗುವಳಿಯೂ ಸಿದ್ಧವಾಗದು, ನಿಜ. ಆದರೆ ಊರಿನ ಸಾಮುದಾಯಿಕ ಹಕ್ಕಿಗೆ ಅದು ಬಲ ಕೊಡುತ್ತದೆ. ನಿಯಮಗಳು ಗೆಜೆಟಿಯರ್, ಸೆಟ್ಲ್‌ಮೆಂಟ್ ವರದಿ, ಸಂಸ್ಥಾನ ಕಾಲದ ದಾಖಲೆ, ದೇವರ ಬನ ಮತ್ತು ಹಿರಿಯರ ಲಿಖಿತ ಹೇಳಿಕೆಗಳನ್ನೂ ಪುರಾವೆಯೆಂದು ಒಪ್ಪುತ್ತವೆ.

ಮನೆಗಳ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಕಂದಾಯದ ರಸೀದಿಗಳಿರಬಹುದು. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತವೂ ಇರಬಹುದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿರಿ, ಅಕ್ಷರ ಹೊರಟುಹೋಗುತ್ತದೆ. ವಿದ್ಯಾರ್ಥಿಗಳು ಮೊದಲು ಅದರ ಚಿತ್ರ ತೆಗೆದಿಟ್ಟು, ಹಳೆಯ ಬರವಣಿಗೆ ಓದಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು, ಈ ಮಳೆಗಾಲದೊಳಗೆ ನಕಲು ಮಾಡಿಕೊಳ್ಳಲಿ. ಗೆದ್ದಲು ಅರ್ಜಿಯ ಗಡುವನ್ನು ಕಾಯುವುದಿಲ್ಲ.