ನಮ್ಮ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ: ಯಾಕೆ, ಯಾವಾಗ, ಹೇಗೆ?

(ಮೈಲಾಪೂರ್‌ನಲ್ಲಿ 2025ರ ಮಾರ್ಚ್‌ನಲ್ಲಿ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಟೆಕ್, ಕೆಲಸ ಸಾಫ್ಟ್‌ವೇರ್‌ನಲ್ಲಿ. ನನ್ನ ಮಗಳಿಗೆ ಈಗ ಹತ್ತು ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಿ ಎಂದು ಮಕ್ಕಳ ವೈದ್ಯರು ಹೇಳಿದಾಗ ಮನೆಯಲ್ಲಿ ಒಬ್ಬೊಬ್ಬರಿಂದ ಒಂದೊಂದು ಪ್ರಶ್ನೆ ಬಂತು. ಉತ್ತರ ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಹೇಳಿ ಎಂದು ಕಾರ್ಯದರ್ಶಿಯವರು ಕೇಳಿದರು. ಹಾಗಾಗಿ ಒಬ್ಬ ತಾಯಿಯಾಗಿ ಮಾತಾಡುತ್ತೇನೆ. ನಿಮ್ಮ ಮಗುವಿನ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದ್ದೇ ಆಗಿರಲಿ.

ಮೊದಲು ರೋಗದ ಬಗ್ಗೆ. ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರನ್ನು ಗರ್ಭಕಂಠದ ಕ್ಯಾನ್ಸರ್ ಎನ್ನುತ್ತಾರೆ. ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 80,000 ಮಂದಿ ಇದರಿಂದ ತೀರಿಕೊಂಡರು. ಅಂದರೆ ಹೆಚ್ಚುಕಡಿಮೆ ಏಳು ನಿಮಿಷಕ್ಕೆ ಒಬ್ಬರು. ನಾನು ಈ ಭಾಷಣ ಮುಗಿಸುವಷ್ಟರಲ್ಲಿ ಎಲ್ಲೋ ಒಂದೆರಡು ಮನೆಗಳಲ್ಲಿ ತಾಯಿ ಇರುವುದಿಲ್ಲ.

ಬೇರೆ ಎಷ್ಟೋ ಕ್ಯಾನ್ಸರ್‌ಗಳಿಗೆ ಕಾರಣ ಇಂಥದ್ದೇ ಎಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಇದಕ್ಕೆ ಮಾತ್ರ ಆಗುತ್ತದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳು ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಭಾಗಕ್ಕೆ ಕಾರಣ.

ಸೋಂಕು ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಹದಿನೈದು ಇಪ್ಪತ್ತು ವರ್ಷ ಸದ್ದಿಲ್ಲದೆ ಬೆಳೆದು ಕ್ಯಾನ್ಸರ್ ಆಗುತ್ತದೆ. ಲಸಿಕೆ ಸೋಂಕು ಬರದಂತೆ ತಡೆಯುತ್ತದೆ, ಬಂದಿರುವುದನ್ನು ತೆಗೆಯುವುದಿಲ್ಲ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಸಿಸ್ಟಮ್‌ಗೆ ಪ್ಯಾಚ್ ಹಾಕಬೇಕಾದ್ದು ಹ್ಯಾಕ್ ಆಗುವ ಮುಂಚೆ. ಅದಕ್ಕೇ 9ರಿಂದ 14 ವರ್ಷ ಒಳ್ಳೆಯ ವಯಸ್ಸು. ಆ ವಯಸ್ಸಿನಲ್ಲಿ ದೇಹವೂ ಲಸಿಕೆಗೆ ಚೆನ್ನಾಗಿ ಸ್ಪಂದಿಸುತ್ತದೆ.

ಇಲ್ಲೇ ಮನೆಯ ಹಿರಿಯರ ಪ್ರಶ್ನೆ ಬರುತ್ತದೆ. ಈ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. "ಹತ್ತು ವರ್ಷದ ಕೂಸಿಗೆ ಅದರ ಲಸಿಕೆ ಯಾಕಮ್ಮಾ?" ಎಂದು ನಮ್ಮ ಅತ್ತೆಯವರೂ ಕೇಳಿದರು. ಕೇಳಿದ್ದು ತಪ್ಪಲ್ಲ. ನಾನು ಹೇಳಿದ್ದು ಇಷ್ಟು: ಅತ್ತೆ, ಹೆಪಟೈಟಿಸ್ ಬಿ ಕೂಡ ರಕ್ತದಿಂದ ಹರಡುವಂತೆ ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಅದರ ಲಸಿಕೆಯನ್ನು ಮಗು ಹುಟ್ಟಿದ ದಿನವೇ ಹಾಕಿಸಿದೆವು, ಆಗ ಯಾರೂ ನಡತೆಯ ಮಾತು ಎತ್ತಲಿಲ್ಲ. ಎಚ್‌ಪಿವಿ ಅಷ್ಟು ಸಾಮಾನ್ಯವಾದ ಸೋಂಕು. ಮದುವೆಯಾಗಿ ಒಬ್ಬ ಗಂಡನ ಜೊತೆಯೇ ಬಾಳಿದ ಹೆಂಗಸಿಗೂ ತಗಲುತ್ತದೆ. ಇದನ್ನು ಚಾರಿತ್ರ್ಯಕ್ಕೆ ಗಂಟು ಹಾಕಿದರೆ, ಈ ರೋಗದಿಂದ ನರಳಿದ ಎಷ್ಟೋ ಗೃಹಿಣಿಯರಿಗೆ ನಾವು ಮಾಡುವ ಅನ್ಯಾಯ ಅದು.

ಎರಡನೆಯ ಪ್ರಶ್ನೆ ಭಯದ್ದು. ವಾಟ್ಸ್ಯಾಪ್‌ನಲ್ಲಿ "ಆಂಧ್ರದಲ್ಲಿ ಈ ಇಂಜೆಕ್ಷನ್‌ನಿಂದ ಹುಡುಗಿಯರು ಸತ್ತರು" ಎಂಬ ಸಂದೇಶ ಸುತ್ತುತ್ತಿರುತ್ತದೆ. ಅದರ ಹಿಂದೆ ನಿಜವಾದ ಘಟನೆ ಇದೆ, ಪೂರ್ತಿ ತಿಳಿದುಕೊಳ್ಳೋಣ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಹುಡುಗಿಯರಿಗೆ ಒಂದು ಯೋಜನೆಯಡಿ ಲಸಿಕೆ ಹಾಕಿದರು. ಅವರಲ್ಲಿ ಏಳು ಮಕ್ಕಳು ಬೇರೆ ಬೇರೆ ಸಮಯದಲ್ಲಿ ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನು ನಿಲ್ಲಿಸಿತು. ತನಿಖೆಯಲ್ಲಿ ಕಂಡ ಕಾರಣಗಳು ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ, ಜ್ವರ ಇಂಥವು. ಲಸಿಕೆಗೂ ಸಾವಿಗೂ ಸಂಬಂಧ ಕಾಣಲಿಲ್ಲ. ಆದರೆ ದೊಡ್ಡ ಲೋಪ ಒಂದಿತ್ತು. ಹಾಸ್ಟೆಲ್ ಮಕ್ಕಳ ಒಪ್ಪಿಗೆ ಪತ್ರಕ್ಕೆ ತಂದೆತಾಯಿಯ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಅಂದರೆ ಅಲ್ಲಿ ಸೋತದ್ದು ಔಷಧಿಯಲ್ಲ, ಬಡವರ ಮಕ್ಕಳ ಬಗ್ಗೆ ಇರಬೇಕಾದ ಗೌರವ. ಇವತ್ತು ನಮ್ಮ ಮಕ್ಕಳಿಗೆ ಹಾಕಿಸುವಾಗಲೂ ಮಗುವಿಗೇ ವಿಷಯ ಹೇಳಿ ಹಾಕಿಸೋಣ. "ಮುಂದೆ ದೊಡ್ಡವಳಾದ ಮೇಲೆ ಒಂದು ಕ್ಯಾನ್ಸರ್ ಬರದೆ ಇರಲಿ ಅಂತ ಈಗಲೇ ಹಾಕಿಸುತ್ತೇವೆ, ಕೈ ಸ್ವಲ್ಪ ನೋಯುತ್ತದೆ." ಹತ್ತು ವರ್ಷದವಳಿಗೆ ಇಷ್ಟು ಸಾಕು. ಹದಿನೈದರವಳಿಗೆ ಪೂರ್ತಿ ಹೇಳಬೇಕು.

ಅದೇ ಸಮಯದಲ್ಲಿ ನಡೆದ ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ದೇಶದ ಹಲವು ಊರುಗಳಲ್ಲಿ, ನಮ್ಮ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಅಂಬಿಳಿಕ್ಕೈ ಸೇರಿ, ಎರಡು ಡೋಸ್ ಸಾಕೇ ಮೂರು ಬೇಕೇ ಎಂಬ ಅಧ್ಯಯನ ಆಗ ನಡೆಯುತ್ತಿತ್ತು. 2010ರ ತಡೆಯಿಂದ ಅದೂ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಸಂಶೋಧಕರು ಅವರನ್ನು ಬಿಡದೆ ವರ್ಷಗಟ್ಟಲೆ ಗಮನಿಸಿದರು. ಒಂದು ಡೋಸ್ ಕೂಡ 16, 18ರ ನಿರಂತರ ಸೋಂಕನ್ನು 95% ತಡೆದಿತ್ತು ಎಂದು 2021ರಲ್ಲಿ ಪ್ರಕಟವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಆಗಬಹುದು ಎಂದದ್ದರಲ್ಲಿ ನಮ್ಮ ಈ ಹುಡುಗಿಯರ ಪಾಲೂ ಇದೆ. ಸ್ವೀಡನ್‌ನಲ್ಲಿ 17 ವರ್ಷಕ್ಕೆ ಮುಂಚೆ ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರ್ 88% ಕಡಿಮೆಯಾಗಿದೆ ಎಂದು 2020ರಲ್ಲೇ ವರದಿಯಾಗಿದೆ.

ಈಗ ಹಾಕಿಸುವುದು ಹೇಗೆ? ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದಾಗ ಬೆಲೆ ಡೋಸ್‌ಗೆ 2,000 ರೂಪಾಯಿ. ಅದು ನಾಲ್ಕು ಬಗೆಯ ವೈರಸ್ ತಡೆಯುತ್ತದೆ, 16 ಮತ್ತು 18 ಅದರಲ್ಲಿ ಸೇರಿವೆ. ಒಂಬತ್ತು ಬಗೆ ತಡೆಯುವ ವಿದೇಶಿ ಗಾರ್ಡಸಿಲ್ 9 ಇದರ ಹಲವು ಪಟ್ಟು. ಖಾಸಗಿಯಲ್ಲಿ ವೈದ್ಯರು ಸಾಮಾನ್ಯವಾಗಿ 9ರಿಂದ 14ರವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು ಡೋಸ್ ಕೊಡುತ್ತಾರೆ. ಹದಿನಾಲ್ಕು ತುಂಬಿರುವ ಮಗಳಿದ್ದರೆ ಈ ಲೆಕ್ಕ ನೆನಪಿಡಿ, ತಡವಾದರೆ ಒಂದು ಸೂಜಿ ಹೆಚ್ಚು. ಹೋಗುವ ಮುಂಚೆ ಫೋನ್ ಮಾಡಿ, ಸ್ಟಾಕ್ ಇದೆಯೇ, ಯಾವ ಕಂಪನಿಯದು, ಡಾಕ್ಟರ್ ಫೀಸು ಸೇರಿ ಎಷ್ಟು ಎಂದು ಕೇಳಿ. ನಾವು ಫೋನ್ ಮಾಡದೆ ಒಂದು ಕ್ಲಿನಿಕ್‌ಗೆ ಹೋಗಿ, ಸ್ಟಾಕ್ ಇಲ್ಲವೆಂದು ಬರಿಗೈಯಲ್ಲಿ ವಾಪಸು ಬಂದೆವು. ಹಾಕಿಸಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿಸಿ, ಈ ವಯಸ್ಸಿನ ಮಕ್ಕಳಿಗೆ ತಲೆ ಸುತ್ತುವುದುಂಟು. ಕಾರ್ಡಿನಲ್ಲಿ ತಾರೀಕು ಬರೆಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಗಂಡುಮಕ್ಕಳಿಗೂ ಹಾಕಿಸಬಹುದು, ವೈದ್ಯರನ್ನು ಕೇಳಿ.

ಇಷ್ಟು ನಮ್ಮ ಮಕ್ಕಳ ಮಾತಾಯಿತು. ನಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರುವ ಅಕ್ಕನ ಮಗಳು ಹತ್ತನೇ ಕ್ಲಾಸ್, ವಯಸ್ಸು ಹದಿನೈದು. ನನ್ನ ಮಗಳ ಇಂಜೆಕ್ಷನ್ ವಿಷಯ ಕೇಳಿ ಆಕೆ, "ನಮ್ಮ ಪಾಪಾಗೆ ಗೌರ್ಮೆಂಟ್‌ನಲ್ಲಿ ಸಿಗತ್ತಾ ಅಮ್ಮಾ?" ಎಂದರು. 2025ರ ಮಾರ್ಚ್ 14ರ ರಾಜ್ಯ ಬಜೆಟ್‌ನಲ್ಲಿ, 14 ವರ್ಷದ ಹುಡುಗಿಯರಿಗೆ ಹಂತ ಹಂತವಾಗಿ ಈ ಲಸಿಕೆ ಕೊಡಲು 36 ಕೋಟಿ ರೂಪಾಯಿ ಘೋಷಿಸಿದ್ದಾರೆ. ಬಹಳ ಸಂತೋಷದ ಸುದ್ದಿ. ಆದರೆ ಈ ಹುಡುಗಿ ಒಂದು ವರ್ಷದಿಂದ ತಪ್ಪಿಸಿಕೊಂಡಳು. ಮೂರು ಡೋಸ್‌ಗೆ 6,000 ರೂಪಾಯಿ ಆಕೆಗೆ ಒಂದು ಮನೆಯ ಹಲವು ತಿಂಗಳ ಸಂಬಳ. ನಾಲ್ಕು ಮನೆಯವರು ಸೇರಿ ಕೊಟ್ಟೆವು, ಮೊದಲ ಡೋಸ್ ಆಗಿದೆ. ಸಹಿ ಹಾಕಿದ್ದು ಆಕೆಯೇ, ನಾವಲ್ಲ.

ಇಂಥ ಹದಿನೈದು ಹದಿನಾರರ ಹುಡುಗಿಯರು ನಮ್ಮೆಲ್ಲರ ಸುತ್ತ ಇದ್ದಾರೆ. ಮಗಳಿಗೆ ಹಾಕಿಸುವ ಪ್ರತಿ ಮನೆಯವರು ಇನ್ನೊಬ್ಬ ಹುಡುಗಿಯ ಒಂದು ಡೋಸ್‌ನ ಭಾರ ಹೊರಬಹುದೇ? ವೇದಿಕೆ ಒಂದು ಪಟ್ಟಿ ಮಾಡಿ, ಒಬ್ಬ ಮಕ್ಕಳ ವೈದ್ಯರನ್ನು ಕರೆದು ತಾಯಂದಿರಿಗೆ ತಮಿಳಿನಲ್ಲೂ ಕನ್ನಡದಲ್ಲೂ ವಿವರಿಸಿ, ಒಪ್ಪಿದವರಿಗೆ ಮಾತ್ರ ಹಾಕಿಸುವ ವ್ಯವಸ್ಥೆ ಮಾಡಬಹುದು. ಇದು ನನ್ನ ಕೋರಿಕೆ.

ಕೊನೆಯದಾಗಿ ಅಮ್ಮಂದಿರಿಗೆ. ನಮ್ಮ ವಯಸ್ಸಿಗೆ ತಪಾಸಣೆಯೇ ರಕ್ಷಣೆ. ವಿಶ್ವ ಆರೋಗ್ಯ ಸಂಸ್ಥೆಯ ಗುರಿಯಂತೆ 35ಕ್ಕೆ ಒಮ್ಮೆ, 45ಕ್ಕೆ ಒಮ್ಮೆಯಾದರೂ ಪರೀಕ್ಷೆ ಆಗಬೇಕು. ಲಸಿಕೆ ಹಾಕಿಸಿಕೊಂಡ ಮಕ್ಕಳೂ ಮುಂದೆ ಮಾಡಿಸಿಕೊಳ್ಳಬೇಕು. ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅಡಯಾರ್‌ನ ಕ್ಯಾನ್ಸರ್ ಇನ್‌ಸ್ಟಿಟ್ಯೂಟನ್ನು 1954ರಲ್ಲಿ 12 ಹಾಸಿಗೆಗಳಿಂದ ಶುರು ಮಾಡಿದರು. ಅದನ್ನು ಬೆಳೆಸಿದ ಡಾ. ವಿ. ಶಾಂತಾ ಹುಟ್ಟಿದ್ದು ಇದೇ ಮೈಲಾಪೂರ್‌ನಲ್ಲಿ. ಬೇಗ ಗೊತ್ತಾದರೆ ಗುಣವಾಗುತ್ತದೆ ಎಂದು ಅವರು ಜೀವನವಿಡೀ ಹೇಳಿದರು. ಬರದಂತೆಯೇ ತಡೆಯುವ ಅವಕಾಶ ನಮ್ಮ ಮಕ್ಕಳಿಗೆ ಸಿಕ್ಕಿದೆ.

ಹೊರಗೆ ಕಾಫಿ ಮೇಜಿನ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಗಳಿಗೆ ಹಾಕಿಸಬೇಕೆನ್ನುವವರು, ಇನ್ನೊಬ್ಬ ಹುಡುಗಿಗೆ ನೆರವಾಗಬೇಕೆನ್ನುವವರು ದಯವಿಟ್ಟು ಹೆಸರು ಬರೆಯಿರಿ. ಪ್ರಶ್ನೆಗಳಿದ್ದರೆ ಬರೆದಿಡಿ, ಮುಂದಿನ ಸಭೆಗೆ ವೈದ್ಯರನ್ನೇ ಕರೆಸಿ ಉತ್ತರ ಹೇಳಿಸೋಣ.