ಫ್ಯಾಕ್ಟರಿ ಗಡಿ ದಾಟಿತು, ಕೆಲಸಗಾರ ಅಲ್ಲೇ ಉಳಿದ



ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಗೇಲ್ಸ್‌ಬರ್ಗ್ ಅಂತ ಒಂದು ಊರಿದೆ. ಸುಮಾರು 30 ಸಾವಿರ ಜನರ ಸಣ್ಣ ಊರು. ಅಲ್ಲಿ ಮೇಟ್ಯಾಗ್ ಕಂಪನಿಯ ಫ್ರಿಜ್ ಫ್ಯಾಕ್ಟರಿ ಇತ್ತು. 2002ರ ಅಕ್ಟೋಬರ್‌ನಲ್ಲಿ ಕಂಪನಿ ಹೇಳಿತು: ಈ ಫ್ಯಾಕ್ಟರಿ ಮುಚ್ತೀವಿ, ಫ್ರಿಜ್‌ಗಳನ್ನು ಇನ್ಮೇಲೆ ಮೆಕ್ಸಿಕೋದಲ್ಲಿ ಮಾಡ್ತೀವಿ. 2004ರಲ್ಲಿ ಬಾಗಿಲು ಹಾಕಿಯೇಬಿಟ್ಟರು. ಸುಮಾರು 1,600 ಕೆಲಸ ಹೋಯ್ತು. ಅದೇ ವರ್ಷ ಬರಾಕ್ ಒಬಾಮ ಅನ್ನುವ ಹೊಸ ನಾಯಕ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮಾತಾಡಿದಾಗ ಈ ಕೆಲಸಗಾರರ ಕಷ್ಟ ಹೇಳಿದರು. ದೇಶವೇ ಕೇಳಿಸಿಕೊಂಡಿತು. ಆದರೆ ಫ್ಯಾಕ್ಟರಿ ವಾಪಸ್ ಬರಲಿಲ್ಲ.

ಹೀಗೆ ಕೆಲಸ ಕಳೆದುಕೊಂಡವನಿಗೆ ಸರ್ಕಾರ ಏನು ಕೊಡಬೇಕು? ಇದು ಇವತ್ತಿನ ಪ್ರಶ್ನೆ.

1962ರಲ್ಲಿ ಅಧ್ಯಕ್ಷ ಕೆನಡಿ ಇದಕ್ಕೊಂದು ಉತ್ತರ ಕೊಟ್ಟರು. ಯೋಜನೆ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್. ಲೆಕ್ಕಾಚಾರ ಸರಳ. ಹೊರದೇಶದ ಜೊತೆ ವ್ಯಾಪಾರ ಬೆಳೆದರೆ ಕೋಟ್ಯಂತರ ಜನರಿಗೆ ಸಾಮಾನು ಒಂದಿಷ್ಟು ಅಗ್ಗವಾಗುತ್ತೆ. ಆದರೆ ಕೆಲವೇ ಜನರ ಅನ್ನಕ್ಕೇ ಕಲ್ಲು ಬೀಳುತ್ತೆ. ಲಾಭ ಪಡೆದ ದೇಶ, ನಷ್ಟ ಹೊತ್ತವನ ಕೈ ಹಿಡಿಯಬೇಕು. ನ್ಯಾಯವಾದ ಮಾತು, ಅಲ್ವಾ?

ಆದರೆ ಏನಾಯ್ತು ಗೊತ್ತಾ? ಷರತ್ತುಗಳು ಎಷ್ಟು ಬಿಗಿಯಾಗಿದ್ದವು ಅಂದರೆ 1969ರವರೆಗೆ ಒಬ್ಬನೇ ಒಬ್ಬ ಕೆಲಸಗಾರನಿಗೂ ಸಹಾಯ ಮಂಜೂರಾಗಲಿಲ್ಲ! ಏಳು ವರ್ಷ! ಕಾರ್ಮಿಕ ಸಂಘದವರು ಇದನ್ನ ಹೆಣ ಹೂಳೋ ಖರ್ಚಿನ ವಿಮೆ ಅಂತ ಕರೆದರು. 1974ರಲ್ಲಿ ಹೊಸ ಕಾನೂನು ಬಂದ ಮೇಲೆ ಷರತ್ತು ಸಡಿಲವಾಯಿತು.

ಆಮೇಲೆ ಯೋಜನೆ ಬೆಳೆದ ರೀತಿ ನೋಡಿ. ಮೂವರು ಕೆಲಸಗಾರರು ಸೇರಿ ಒಂದು ಅರ್ಜಿ ಹಾಕಿದರೆ ಸಾಕು. ವಕೀಲ ಬೇಡ, ಶಿಫಾರಸು ಬೇಡ. ಕೆಲಸ ಹೊರದೇಶಕ್ಕೆ ಹೋಯ್ತಾ, ಆಮದಿನಿಂದ ಪೆಟ್ಟು ಬಿತ್ತಾ ಅಂತ ಕಾರ್ಮಿಕ ಇಲಾಖೆ ತನಿಖೆ ಮಾಡುತ್ತೆ. ಹೌದು ಅಂತಾದರೆ ಹೊಸ ಕೆಲಸ ಕಲಿಯೋಕೆ ಕಾಲೇಜಿನ ಫೀಸು. ಕಲಿಯುವಾಗ ಮನೆ ನಡೆಯೋಕೆ, ನಿರುದ್ಯೋಗ ಭತ್ಯೆಯೂ ಸೇರಿ ಗರಿಷ್ಠ 130 ವಾರ ದುಡ್ಡು. ಅಂದರೆ ಎರಡೂವರೆ ವರ್ಷ. ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋದರೆ ಅದಕ್ಕೂ ಭತ್ಯೆ.

ಐವತ್ತು ದಾಟಿದವರಿಗೆ 2002ರಲ್ಲಿ ಇನ್ನೊಂದು ಅನುಕೂಲ ಬಂತು. ಹಳೇ ಕೆಲಸದಲ್ಲಿ ವರ್ಷಕ್ಕೆ 40 ಸಾವಿರ ಡಾಲರ್ ಇತ್ತು, ಹೊಸದರಲ್ಲಿ 30 ಸಾವಿರ ಅಂದುಕೊಳ್ಳಿ. ಕೊರತೆ 10 ಸಾವಿರ. ಅದರಲ್ಲಿ ಅರ್ಧ ಸರ್ಕಾರ ಕೊಡುತ್ತೆ. ಎರಡು ವರ್ಷಕ್ಕೆ ಒಟ್ಟು 10 ಸಾವಿರ ಡಾಲರ್‌ವರೆಗೆ. ಐವತ್ತೈದು ವರ್ಷದವನನ್ನ ಮತ್ತೆ ಕ್ಲಾಸ್ ರೂಮಿನ ಬೆಂಚಿನ ಮೇಲೆ ಕೂರಿಸೋದಕ್ಕಿಂತ ಇದು ಮರ್ಯಾದೆಯ ದಾರಿ ಅಂತ ನನಗನ್ನಿಸುತ್ತೆ.

ಇದೆಲ್ಲ ಚೆನ್ನಾಗಿ ನಡೀತಾ? ಪೂರ್ತಿ ಇಲ್ಲ. 2012ರಲ್ಲಿ ಅಲ್ಲಿನ ಸರ್ಕಾರವೇ ಮಾಡಿಸಿದ ಮೌಲ್ಯಮಾಪನದ ಪ್ರಕಾರ, ನಾಲ್ಕು ವರ್ಷದ ನಂತರವೂ ಸಹಾಯ ಪಡೆದವರ ಸಂಪಾದನೆ ಪಡೆಯದವರಿಗಿಂತ ಕಡಿಮೆಯೇ ಇತ್ತು. ಬೇರೆ ಅಧ್ಯಯನ ಇದಕ್ಕೆ ಉಲ್ಟಾ ಹೇಳಿದ್ದೂ ಇದೆ. ಇನ್ನೊಂದು ಅನ್ಯಾಯ ಕೇಳಿ. ಅಕ್ಕಪಕ್ಕದ ಮನೆಯವರು. ಒಬ್ಬನ ಕೆಲಸ ಮೆಕ್ಸಿಕೋಗೆ ಹೋಯ್ತು, ಅವನಿಗೆ ಸಹಾಯ ಇದೆ. ಇನ್ನೊಬ್ಬನ ಕೆಲಸ ರೋಬೋಟ್ ಕಿತ್ತುಕೊಂಡಿತು, ಅವನಿಗಿಲ್ಲ. ಇಬ್ಬರ ಮನೆ ಸಾಲದ ಕಂತೂ ಒಂದೇ ತಾರೀಖು!

ಈಗ ನಮ್ಮ ಊರಿಗೆ ಬರ್ತೀನಿ. 2000ದ ದಶಕದಲ್ಲಿ ಅಮೆರಿಕದಲ್ಲಿ ಒಂದು ಹೊಸ ಪದ ಹುಟ್ಟಿತ್ತು: ‘ಬ್ಯಾಂಗಲೋರ್ಡ್’. ನಿನ್ನ ಕೆಲಸ ಬೆಂಗಳೂರಿಗೆ ಹೋಯ್ತು ಅಂತ ಅರ್ಥ. ನಾನಾಗ ವರದಿಗಾರ. ನಮ್ಮೂರಿನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದ ಆಯ್ತಲ್ಲ ಅಂತ ಎದೆಯುಬ್ಬಿಸಿ ಸುದ್ದಿ ಮಾಡಿದವನು. ಆಗ ಒಬ್ಬ ಹುಡುಗ, ಸಾಫ್ಟ್‌ವೇರ್ ಎಂಜಿನಿಯರ್, ಕ್ಯಾಮೆರಾ ಆಫ್ ಆದ ಮೇಲೆ ನನಗೊಂದು ಮಾತು ಹೇಳಿದ. “ಸಾರ್, ನಾನು ಕೆಲಸ ಕಲಿಯೋಕೆ ಅಲ್ಲಿಗೆ ಹೋಗಿದ್ದೆ. ಆರು ವಾರ ಕಲಿಸಿದವರು ನಮ್ಮಪ್ಪನ ವಯಸ್ಸಿನವರು. ನಾನು ಕಲಿತ ಮೇಲೆ ಅವರ ಕೆಲಸ ಹೋಗುತ್ತೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಒಂದು ದಿನವೂ ಸಿಡುಕಲಿಲ್ಲ ಸಾರ್.”

ಆ ಮಾತು ನನ್ನ ವರದಿಯಲ್ಲಿ ಬರಲಿಲ್ಲ. ನಾನೇ ಬಿಟ್ಟೆ. ಹೆಮ್ಮೆಯ ಸುದ್ದಿಗೆ ಅದು ಹೊಂದಿಕೆ ಆಗ್ತಿರಲಿಲ್ಲ ನೋಡಿ.

ಆ ಹಿರಿಯರಂಥವರಿಗೆ ಸರ್ಕಾರದ ಸಹಾಯ ಸಿಗ್ತಿತ್ತಾ? ಆಗ ಸಿಗ್ತಿರಲಿಲ್ಲ! ಸಾಫ್ಟ್‌ವೇರ್ ಕೈಯಲ್ಲಿ ಹಿಡಿಯುವ ವಸ್ತು ಅಲ್ಲ, ಹಾಗಾಗಿ ನೀವು ಏನನ್ನೂ ತಯಾರಿಸಿಲ್ಲ ಅಂತ ಇಲಾಖೆ ಅರ್ಜಿ ತಿರಸ್ಕರಿಸ್ತಿತ್ತು. ಜನ ಕೋರ್ಟಿಗೆ ಹೋದರು. 2006ರಲ್ಲಿ ಇಲಾಖೆ ತನ್ನ ನಿಲುವು ಬದಲಿಸಿತು. 2009ರಲ್ಲಿ ಸೇವಾ ವಲಯದವರನ್ನೂ ಕಾನೂನಿಗೆ ಸೇರಿಸಿದರು. ಆಮೇಲೆ ಮೂರು ಸಲ ಅದನ್ನ ಕಿತ್ತುಕೊಂಡರು, ಎರಡು ಸಲ ಮಾತ್ರ ವಾಪಸ್ ಕೊಟ್ಟರು.

ಕೊನೆಗೆ ಏನಾಯ್ತು? 2022ರ ಜುಲೈ 1ರಂದು ಇಡೀ ಯೋಜನೆಯ ಅವಧಿಯೇ ಮುಗಿಯಿತು. ಸಂಸತ್ತು ಅದನ್ನ ಮುಂದುವರಿಸಲಿಲ್ಲ. ಮೊದಲೇ ಮಂಜೂರಾದವರಿಗೆ ಸಹಾಯ ಸಿಗ್ತಾ ಹೋಯ್ತು, ಹೊಸ ಅರ್ಜಿಗಳಿಗೆ ಮಂಜೂರಾತಿ ನಿಂತಿತು. ಫ್ಯಾಕ್ಟರಿ ವಾಪಸ್ ತರ್ತೀವಿ ಅಂತ ಭಾಷಣ ಮಾಡುವವರು ಎರಡೂ ಪಕ್ಷದಲ್ಲಿದ್ದಾರೆ. ಮೂವರು ಸೇರಿ ಹಾಕ್ತಿದ್ದ ಆ ಒಂದು ಅರ್ಜಿಯನ್ನ ಉಳಿಸಿಕೊಳ್ಳೋಕೆ ಅವರಿಂದ ಆಗಲಿಲ್ಲ.

ಹಾಗಂತ ನಾವು ನಗೋ ಹಾಗಿಲ್ಲ ಸ್ವಾಮಿ. ಇವತ್ತು ಕೆಲಸ ನಮ್ಮ ಕಡೆ ಬರ್ತಿದೆ, ನಾಳೆ ಇಲ್ಲಿಂದ ಇನ್ನೊಂದು ದೇಶಕ್ಕೆ ಹೋಗಬಹುದು. ಆಗ ನಮ್ಮವನಿಗೆ ಏನಿದೆ? ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಇಎಸ್‌ಐ ಇದ್ದರೆ, 2018ರಲ್ಲಿ ಶುರುವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಜೀವಮಾನಕ್ಕೊಮ್ಮೆ, ಗರಿಷ್ಠ 90 ದಿನ, ಅರ್ಧ ಸಂಬಳ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಹೊಸ ಕೌಶಲ ಕಲಿಯೋಕೆ ಅಂತ ಒಂದು ನಿಧಿ ಇದೆ. ಅದರಲ್ಲಿ ಸಿಗೋದು 15 ದಿನದ ಸಂಬಳ. ಹದಿನೈದು ದಿನದಲ್ಲಿ ಯಾವ ಕೆಲಸ ಕಲೀತಾನ್ರೀ ಮನುಷ್ಯ?

ವ್ಯಾಪಾರ ಬೇಡ ಅಂತ ನಾನು ಹೇಳ್ತಿಲ್ಲ. ಅದರಿಂದಲೇ ನಮ್ಮ ಬೆಂಗಳೂರು ಬೆಳೆದಿರೋದು. ನಾನು ಹೇಳೋದು ಇಷ್ಟೇ. ಕಂಪನಿ ಬಂದಾಗ ಜಾಗ ಕೊಡ್ತೀವಿ, ತೆರಿಗೆ ರಿಯಾಯಿತಿ ಕೊಡ್ತೀವಿ, ರಿಬ್ಬನ್ ಕತ್ತರಿಸ್ತೀವಿ. ಅದು ಹೋಗುವ ದಿನ ಕೆಲಸಗಾರನ ಕೈಗೆ ಏನು ಕೊಡ್ತೀವಿ ಅನ್ನೋದನ್ನೂ ಅವತ್ತೇ ಬರೆದಿಡಬೇಕು. ಬಾಗಿಲು ಮುಚ್ಚಿದ ಮೇಲೆ ಕೇಳಿದರೆ ಉತ್ತರ ಕೊಡೋಕೆ ಅಲ್ಲಿ ಯಾರೂ ಇರೋದಿಲ್ಲ.