ಕೆಲಸದ ಪಟ್ಟಿಯೂ ಧ್ಯಾನದ ಗಂಟೆಯೂ



ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ, ಪಾಂಡಿತ್ಯದ ವಿಷಯವನ್ನೆತ್ತಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. ಆದುದರಿಂದ ನಮ್ಮಲ್ಲಿ ಬಹುಮಂದಿಯ ಕಿಸೆಯಲ್ಲಿರುವ ಮೊಬೈಲಿನ ಎರಡು ಬಗೆಯ ಆ್ಯಪುಗಳನ್ನು ಕುರಿತು ಅರಿಕೆಮಾಡಿಕೊಳ್ಳುವೆನು. ಒಂದು, ಮಾಡಬೇಕಾದ ಕೆಲಸಗಳನ್ನು ಪಟ್ಟಿಮಾಡಿ ಹೊತ್ತಿಗೆ ಸರಿಯಾಗಿ ಎಚ್ಚರಿಸತಕ್ಕದ್ದು. ಇನ್ನೊಂದು, ಕೆಲಸವನ್ನೆಲ್ಲ ಬದಿಗಿರಿಸಿ ಹತ್ತು ನಿಮಿಷ ಕಣ್ಮುಚ್ಚಿ ಕುಳಿತಿರೆಂದು ಹೇಳತಕ್ಕದ್ದು. ಇವೆರಡರಲ್ಲಿ ಯಾವುದು ಮೇಲೆಂದು ತರುಣ ಮಿತ್ರರೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಅಂದು ಕೊಡಲಾರದೆ ಹೋದ ಉತ್ತರವನ್ನು ಇಂದು ಕೊಡಲು ಯತ್ನಿಸುವೆನು.

ಮೊದಲು ಕೆಲಸದ ಆ್ಯಪಿನ ವಿಚಾರ. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ನೆನಪಿನಲ್ಲಿ ಹೆಚ್ಚಾಗಿ ಉಳಿಯುವುದೆಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆಯು 1927ರಲ್ಲಿ ಪ್ರಕಟಿಸಿದರು. ಆ ಪ್ರಯೋಗವನ್ನು ಮುಂದೆ ಮಾಡಿನೋಡಿದವರಿಗೆಲ್ಲ ಅದೇ ಫಲ ದೊರೆಯಲಿಲ್ಲವಾದರೂ, ಮಾಡದೆ ಉಳಿದ ಕೆಲಸವು ಮನಸ್ಸನ್ನು ಕೊರೆಯುವುದೆಂಬುದು ನಮ್ಮೆಲ್ಲರ ಅನುಭವವಷ್ಟೆ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ವಿದ್ವಾಂಸರಿಬ್ಬರು ಇನ್ನೊಂದು ಸಂಗತಿಯನ್ನು ತಿಳಿಸಿದರು: ಕೆಲಸವು ಮುಗಿಯದಿದ್ದರೂ, ಅದನ್ನು ಎಂದು ಹೇಗೆ ಮಾಡುವೆನೆಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಅದರ ಕಾಟವು ತಗ್ಗುವುದು. 2007ರಲ್ಲಿ ಹುಟ್ಟಿದ ಟುಡುಯಿಸ್ಟ್, 2011ರಲ್ಲಿ ಬಂದ ಟ್ರೆಲ್ಲೊ ಮೊದಲಾದವುಗಳ ಉಪಕಾರವೆಲ್ಲ ಇದರಲ್ಲಿಯೇ ಅಡಗಿದೆ. ತಲೆಯ ಮೇಲಿನ ಹೊರೆಯನ್ನು ಇಳಿಸಿಕೊಳ್ಳಲು ದಾರಿಯ ಬದಿಯಲ್ಲಿ ನಿಲ್ಲಿಸಿದ ಕಲ್ಲಿನಂತೆ ಅವು ನಮ್ಮ ನೆನಪಿನ ಭಾರವನ್ನು ಹೊತ್ತುಕೊಳ್ಳುವುವು.

ಇನ್ನು ಧ್ಯಾನದ ಆ್ಯಪು. 2010ರಲ್ಲಿ ಕಿಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬುವರು 2250 ಮಂದಿಯನ್ನು ಮೊಬೈಲಿನ ಮೂಲಕವೇ ಆಗಾಗ ಪ್ರಶ್ನಿಸಿ, ಅವರ ಮನಸ್ಸು ಕೈಯಲ್ಲಿನ ಕೆಲಸವನ್ನು ಬಿಟ್ಟು ಅಲೆಯುತ್ತಿದ್ದುದು 100ರಲ್ಲಿ ಸುಮಾರು 47 ಸಲವೆಂದೂ, ಅಲೆಯುವಾಗ ಅವರ ಸಂತೋಷವು ಕುಗ್ಗಿರುತ್ತಿತ್ತೆಂದೂ ಕಂಡರು. ಹಿಂದೆ ಬೌದ್ಧ ಭಿಕ್ಷುವಾಗಿದ್ದ ಆ್ಯಂಡಿ ಪುಡಿಕೋಂಬ್ ಅವರು ಜೊತೆಗಾರರೊಡನೆ ಅದೇ ವರ್ಷ ಲಂಡನ್ನಿನಲ್ಲಿ ಹೆಡ್‌ಸ್ಪೇಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. 2012ರಲ್ಲಿ ಕಾಮ್ ಎಂಬುದು ಬಂದಿತು. ಅಲೆದ ಮನಸ್ಸನ್ನು ಗದರಿಸದೆ ಮರಳಿ ಉಸಿರಿಗೆ ತರುವ ಅಭ್ಯಾಸವನ್ನು ಇಂಥವು ಕಲಿಸುವುವು. ಪಟ್ಟಿಯು ಹೊರೆಯನ್ನು ಇಳಿಸಿದರೆ, ಇದು ಹೊರುವವನನ್ನು ಸಂತೈಸುವುದು.

ಗುಣದಲ್ಲಿ ಇಷ್ಟು ಭೇದವಿದ್ದರೂ ದೋಷದಲ್ಲಿ ಎರಡೂ ಒಂದೇ ಮನೆಯ ಮಕ್ಕಳು. ಎರಡಕ್ಕೂ ಎಣಿಕೆಯ ಚಪಲ. ಟುಡುಯಿಸ್ಟಿನಲ್ಲಿ ಕೆಲಸ ಮುಗಿಸಿದವನಿಗೆ ಅಂಕಗಳು ದೊರೆಯುವುವು. ಆ ಅಂಕಗಳಿಗೆ ಇಟ್ಟಿರುವ ಹೆಸರು ಕರ್ಮವೆಂದು ಕೇಳಿದರೆ ತಮಗೆ ನಗು ಬಂದೀತು. ಧ್ಯಾನದ ಆ್ಯಪು ಎಷ್ಟು ದಿನ ತಪ್ಪದೆ ಕುಳಿತಿರೆಂದು ಲೆಕ್ಕವಿಡುವುದು. ಮನಸ್ಸಿನ ಆರೋಗ್ಯಕ್ಕೆಂದು ರಚಿಸಿದ ಆ್ಯಪುಗಳನ್ನು 2019ರಲ್ಲಿ ಪರಿಶೀಲಿಸಿದವರು, 30 ದಿನಗಳ ಮೇಲೂ ಅವನ್ನು ತೆರೆಯುವವರು ಸಾಮಾನ್ಯವಾಗಿ 100ಕ್ಕೆ ಸುಮಾರು 3 ಮಂದಿಯೆಂದು ಬರೆದರು. ಎಣಿಕೆಯ ಆಶೆಯೂ ಜನರನ್ನು ಹೆಚ್ಚು ದಿನ ಹಿಡಿದಿಡಲಾರದೆಂದಾಯಿತು.

ನಾನಾದರೋ ಆ ಉಳಿದ ಮೂವರಲ್ಲಿ ಒಬ್ಬನಾಗಿದ್ದೆನು. ಅದೇ ನನ್ನ ಹೆಮ್ಮೆಯೂ ಆಗಿತ್ತು. ನನ್ನ ಪಟ್ಟಿಯಲ್ಲಿ 'ತಾಯಿಯವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುವುದು' ಎಂಬ ಸಾಲೊಂದಿತ್ತು. ಕಚೇರಿಯ ಕೆಲಸದ ಒತ್ತಡದಲ್ಲಿ ಅದನ್ನು ಪ್ರತಿ ಭಾನುವಾರವೂ ಮುಂದಿನ ವಾರಕ್ಕೆ ತಳ್ಳುತ್ತಿದ್ದೆನು. ಆ್ಯಪು ಬೇಸರಿಸದೆ ಹೊಸ ತಾರೀಖನ್ನು ಒಪ್ಪಿಕೊಳ್ಳುತ್ತಿತ್ತು. ಬೆಳಗ್ಗೆ ಧ್ಯಾನಕ್ಕೆ ಕುಳಿತಾಗ ತಾಯಿಯ ಮುಖವು ಎದುರಿಗೆ ಬರುತ್ತಿತ್ತು. ಬಂದ ಯೋಚನೆಯನ್ನು ಹೋಗಗೊಡಿರೆಂದು ಆ ಇನಿದನಿಯು ಕಲಿಸಿದ್ದಿತಾದುದರಿಂದ, ಆ ಮುಖವನ್ನೂ ಹೋಗಗೊಟ್ಟು ಉಸಿರಿಗೆ ಮರಳುತ್ತಿದ್ದೆನು. ಹೀಗೆ ಹನ್ನೊಂದು ವಾರಗಳು ಕಳೆದುವು. ಕೊನೆಗೆ ಕರೆದೊಯ್ದಾಗ ವೈದ್ಯರು ಗ್ಲಾಕೋಮವೆಂದರು. ಆ ರೋಗದಲ್ಲಿ ಹೋದ ದೃಷ್ಟಿಯು ಮರಳಿ ಬರುವುದಿಲ್ಲ, ಉಳಿದುದನ್ನು ಕಾಪಾಡಿಕೊಳ್ಳಬಹುದು. ಮೊದಲೇ ಬಂದಿದ್ದರೆ ಎಷ್ಟು ಉಳಿಯುತ್ತಿತ್ತೆಂಬುದನ್ನು ನಾನು ಕೇಳಲಿಲ್ಲ. ತಾಯಿಯೂ ಆ ಮಾತನ್ನು ಎತ್ತಲಿಲ್ಲ. ಈಗ ಸಂಜೆಯ ಹೊತ್ತು ಆಕೆ ಎಡಗಡೆಯ ಕಂಬವನ್ನು ಕೈಯಿಂದ ತಡವಿ ನಡೆಯುವುದನ್ನು ಕಂಡಾಗಲೆಲ್ಲ ಆ ಹನ್ನೊಂದು ಭಾನುವಾರಗಳು ನನಗೆ ನೆನಪಾಗುವುವು.

ಯಂತ್ರಗಳನ್ನು ನಾನು ದೂರಲಾರೆನು. ಪಟ್ಟಿಯು ನೆನಪಿಸಿತ್ತು, ಧ್ಯಾನವು ತೋರಿಸಿತ್ತು. ಸುಳಿದು ಬಂದ ಯೋಚನೆಯು ಬರಿಯ ಚಾಂಚಲ್ಯವೋ, ಅಥವಾ ಬಾಗಿಲು ತಟ್ಟುತ್ತಿರುವ ಕರ್ತವ್ಯವೋ ಎಂಬ ವಿವೇಚನೆಯನ್ನು ಮಾತ್ರ ನಾನೇ ಮಾಡಬೇಕಾಗಿದ್ದಿತು. ಪಟ್ಟಿಯಲ್ಲಿ ಬರೆದಿರುವೆನೆಂಬ ಸಮಾಧಾನವೂ, ಧ್ಯಾನದಲ್ಲಿ ದೊರೆತ ಶಾಂತಿಯೂ ಸೇರಿ ಆ ವಿವೇಚನೆಯನ್ನು ಮಲಗಿಸಿಬಿಟ್ಟುವು.

ಆದುದರಿಂದ ತರುಣ ಮಿತ್ರರಿಗೆ ನನ್ನ ಉತ್ತರವಿದು: ಎರಡನ್ನೂ ಇರಿಸಿಕೊಳ್ಳಿರಿ, ಆದರೆ ಒಂದನ್ನು ಇನ್ನೊಂದರಿಂದ ಪರೀಕ್ಷಿಸಿರಿ. ಧ್ಯಾನದಲ್ಲಿ ಮೂರು ದಿನ ಮರಳಿ ಮರಳಿ ಬಂದ ಮುಖವನ್ನು, ಎದ್ದೊಡನೆ ಪಟ್ಟಿಯ ಮೊದಲ ಸಾಲಿಗೆ ತನ್ನಿರಿ. ಪಟ್ಟಿಯಲ್ಲಿ ಮೂರು ಸಲ ಮುಂದಕ್ಕೆ ತಳ್ಳಿದ ಕೆಲಸವನ್ನು ಎದುರಿಗಿಟ್ಟುಕೊಂಡು, ಏಕೆ ತಳ್ಳಿದೆನೆಂದು ಹತ್ತು ನಿಮಿಷ ಮೌನವಾಗಿ ಕುಳಿತು ನೋಡಿರಿ. ಆಮೇಲೆ ಮೊಬೈಲನ್ನು ಕೆಳಗಿಟ್ಟು ಏಳಿರಿ. ಮಾಡಬೇಕಾದುದು ಅದರೊಳಗಿಲ್ಲ, ಮನೆಯ ನಡುಮನೆಯಲ್ಲಿದೆ.